ಕರೆಂಟು ಹೋದ ಹೊತ್ತಿನಲ್ಲಿ ಗಿಟಾರು

ತುಮಕೂರು ಸೀಮೆಯಿಂದ ಗೃಹಸ್ಥರೊಬ್ಬರು ಹೋದ ತಿಂಗಳು ನಮಗೆ ಒಂದು ಪತ್ರವನ್ನು ಬರೆದಿರುವರು. ಅದರ ಸಾರಾಂಶವಿಷ್ಟು. ಅವರ ಮಗಳು ಕಾಲೇಜಿನಲ್ಲಿ ಓದುತ್ತಿರುವಳು. ಎರಡು ವರ್ಷಗಳಿಂದ ವಿದ್ಯುತ್ ಗಿಟಾರನ್ನು ಕಲಿಯುತ್ತಿರುವಳು. ಅಭ್ಯಾಸಕ್ಕೆ ಅವಳಿಗೆ ದೊರೆಯುವುದು ಸಂಜೆಯ ಹೊತ್ತು; ಅವರ ಊರಿನಲ್ಲಿ ಕರೆಂಟು ಹೋಗುವುದೂ ಅದೇ ಹೊತ್ತಿನಲ್ಲಿ. ಮನೆಯಲ್ಲಿ ಯು. ಪಿ. ಎಸ್. ಇದೆ. ಗಿಟಾರಿನ ಆಂಪ್ಲಿಫೈಯರನ್ನು ಅದಕ್ಕೆ ಸೇರಿಸಬಹುದೆ, ಸೇರಿಸಿದರೆ ಎಷ್ಟು ಹೊತ್ತು ನಡೆದೀತು, ಏನಾದರೂ ಕೆಡುವುದೆ, ಎಂಬುದು ಅವರ ಪ್ರಶ್ನೆ. ಪತ್ರದ ಕೊನೆಯಲ್ಲಿ, ಮರೆತದ್ದನ್ನು ನೆನೆದು ಬರೆದವರಂತೆ ಇನ್ನೊಂದು ಮಾತನ್ನೂ ಸೇರಿಸಿರುವರು. ಯು. ಪಿ. ಎಸ್. ತಂತಿಗೆ ಸೇರಿದ ಸಾಕೆಟ್ಟಿಗೆ ಎರಡೇ ತೂತುಗಳಿರುವುದರಿಂದ, ಆಂಪ್ಲಿಫೈಯರಿನ ಪ್ಲಗ್ಗಿನಲ್ಲಿರುವ ಮೂರನೆಯ ಕಡ್ಡಿಯನ್ನು ಕತ್ತರಿಸಿಬಿಟ್ಟರೆ ಎಲ್ಲವೂ ಸರಿಹೋಗುವುದೆಂದು ಮನೆಗೆ ಬಂದ ಎಲೆಕ್ಟ್ರೀಷಿಯನ್ ಹೇಳಿರುವನಂತೆ. ಮುಂದಿನ ವಾರ ಬಂದು ತಾನೇ ಕತ್ತರಿಸಿಕೊಡುವನಂತೆ.

ಈ ಕಡೆಯ ಮಾತಿಗೆ ಉತ್ತರವನ್ನು ಅಂದೇ ಅಂಚೆಗೆ ಹಾಕಿಸಿದೆನು: ಕತ್ತರಿಸಕೂಡದು. ಮಿಕ್ಕುದನ್ನು ಇಲ್ಲಿ ವಿಸ್ತರಿಸಿ ಬರೆಯಲು ಕಾರಣವೇನೆಂದರೆ, ಈ ಪ್ರಶ್ನೆ ಒಂದು ಮನೆಯದಲ್ಲ. ವೀಣೆಗೆ ಕಾಂಟ್ಯಾಕ್ಟ್ ಮೈಕು ಅಂಟಿಸಿ ನುಡಿಸುವವರು, ಭಜನೆಗೆ ಸಣ್ಣ ಧ್ವನಿವರ್ಧಕವನ್ನಿಟ್ಟುಕೊಂಡಿರುವವರು, ಕೀಬೋರ್ಡ್ ಕಲಿಯುತ್ತಿರುವ ಮಕ್ಕಳ ತಂದೆತಾಯಿಗಳು, ಎಲ್ಲರಿಗೂ ಇದು ಸಲ್ಲುವುದು.

ಮನೆಯ ಹಿರಿಯರಲ್ಲಿ ಕೆಲವರಿಗೆ ಗಿಟಾರೆಂದರೆ ಅಷ್ಟೇನೂ ಆದರವಿಲ್ಲವೆಂಬುದನ್ನು ಬಲ್ಲೆನು. ಪಿಟೀಲೂ ಒಂದು ಕಾಲದಲ್ಲಿ ಪರದೇಶದ ವಾದ್ಯವೇ ಆಗಿತ್ತು. ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಹೂಡಿದುದು, ಧ್ವನಿವರ್ಧಕಗಳಿಲ್ಲದ ದೊಡ್ಡ ಸಭೆಗಳಲ್ಲಿ ಹಿಂದಿನ ಸಾಲಿನವರಿಗೂ ನಾದವು ಮುಟ್ಟಲೆಂದು. ಮ್ಯಾಂಡೊಲಿನ್ ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ನಮ್ಮ ರಾಗಗಳನ್ನು ನುಡಿಸಿ ಮೆಚ್ಚಿಸಿದುದನ್ನು ನಾವೆಲ್ಲರೂ ಕೇಳಿರುವೆವು. ಆದಕಾರಣ ವಾದ್ಯದ ಜಾತಿವಿಚಾರವನ್ನು ಅಷ್ಟಕ್ಕೇ ಬಿಟ್ಟು ವಿಷಯಕ್ಕೆ ಬರೋಣ.

ವಿದ್ಯುತ್ ಗಿಟಾರಿನ ಹೊಟ್ಟೆ ಪೊಳ್ಳಾಗಿರಬೇಕೆಂಬ ನಿಯಮವಿಲ್ಲ. ಬಹುಪಾಲು ಅದು ಗಟ್ಟಿ ಮರದ ಹಲಗೆ. ತಂತಿಗಳ ಕೆಳಗೆ ಅಯಸ್ಕಾಂತವನ್ನೂ ಅದರ ಸುತ್ತ ಕೂದಲಿನಷ್ಟು ತೆಳ್ಳಗಿನ ತಾಮ್ರದ ಸುರುಳಿಯನ್ನೂ ಇಟ್ಟಿರುವರು. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಮಿಡಿದಾಗ ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುವುದು. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇಲ್ಲಿಯೂ ಕೆಲಸ ಮಾಡುವುದು. ಆ ಅಲ್ಪವನ್ನು ಸ್ಪೀಕರು ನಡುಗುವಷ್ಟು ದೊಡ್ಡದು ಮಾಡುವುದೇ ಆಂಪ್ಲಿಫೈಯರಿನ ಕೆಲಸ. ಹೀಗಿರಲು ಕರೆಂಟು ಹೋದರೆ ವಾದ್ಯವು ಮೂಕವಾಗುವುದೆಂದೇ ಹೇಳಬೇಕು. ತಂಬೂರಿಗೂ ಮೃದಂಗಕ್ಕೂ ಈ ಕಷ್ಟವಿಲ್ಲ.

ಇನ್ನು ಯು. ಪಿ. ಎಸ್. ಎಂಬುದರ ವಿಚಾರ. ಅದರಲ್ಲಿ ಇರತಕ್ಕವು ಎರಡು: ೧೨ ವೋಲ್ಟಿನ ಬ್ಯಾಟರಿ, ಮತ್ತು ಆ ಬ್ಯಾಟರಿಯ ಏಕಮುಖ ವಿದ್ಯುತ್ತನ್ನು ನಮ್ಮ ಮನೆಯ ತಂತಿಗಳಲ್ಲಿ ಹರಿಯುವಂಥ ೨೩೦ ವೋಲ್ಟಿನ, ಸೆಕೆಂಡಿಗೆ ೫೦ ಸಲ ಹಿಂದುಮುಂದಾಗುವ ವಿದ್ಯುತ್ತಾಗಿ ಮಾರ್ಪಡಿಸುವ ಯಂತ್ರ. ಸೀಸದ ಬ್ಯಾಟರಿ ಹಳೆಯದು. ೧೮೫೯ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬುವನು ಅದನ್ನು ರಚಿಸಿದನು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿದುದು ೧೯೦೨ರಲ್ಲಿ, ಬೆಂಗಳೂರಿನ ಬೀದಿಗಳಿಗೆ ೧೯೦೫ರಲ್ಲಿ. ಅಂದರೆ ನಮ್ಮ ದೇಶದ ದೀಪಗಳಿಗಿಂತ ಅವು ಆರಿದಾಗ ನೆರವಾಗುವ ಬ್ಯಾಟರಿಯೇ ವಯಸ್ಸಿನಲ್ಲಿ ಹಿರಿದು.

ಮಾರ್ಪಡಿಸುವ ಯಂತ್ರದಲ್ಲಿ ಎರಡು ಬಗೆಗಳುಂಟು. ಅಂಗಡಿಯವರು ಅವನ್ನು ಸ್ಕ್ವೇರ್ ವೇವ್ ಎಂದೂ ಸೈನ್ ವೇವ್ ಎಂದೂ ಕರೆಯುವರು. ನಮಗೆ ಬೇಕಾದುದು ಎರಡನೆಯದು. ಈ ಸೈನ್ ಎಂಬ ಶಬ್ದದ ಚರಿತ್ರೆ ಸ್ವಾರಸ್ಯವಾಗಿದೆ. ಬಿಲ್ಲಿನ ಹೆದೆಗೆ ಸಂಸ್ಕೃತದಲ್ಲಿ ಜ್ಯಾ ಎಂದೂ ಜೀವಾ ಎಂದೂ ಹೆಸರು. ವೃತ್ತದ ಚಾಪಕ್ಕೆ ಎಳೆದ ರೇಖೆಯೂ ಹೆದೆಯಂತೆಯೇ ಕಾಣುವುದರಿಂದ ನಮ್ಮ ಗಣಿತಜ್ಞರು ಅದಕ್ಕೂ ಅದೇ ಹೆಸರನ್ನಿಟ್ಟರು. ಆರ್ಯಭಟನು ೪೯೯ರ ಸುಮಾರಿಗೆ ರಚಿಸಿದ ಗ್ರಂಥದಲ್ಲಿ ೨೪ ಜ್ಯಾಖಂಡಗಳನ್ನು ಲೆಕ್ಕಹಾಕಿ ಕೊಟ್ಟಿರುವನು. ಜೀವಾ ಎಂಬುದು ಅರಬ್ಬರ ಬಾಯಲ್ಲಿ ಜೀಬಾ ಆಯಿತು. ಸ್ವರಗಳನ್ನು ಬರೆಯದ ಅವರ ಲಿಪಿಯಲ್ಲಿ ಅದನ್ನು ಜೈಬ್ ಎಂದು, ಎಂದರೆ ಉಡುಪಿನ ಮಡಿಲು ಎಂದು, ತಪ್ಪಾಗಿ ಓದಿದ ಯೂರೋಪಿನ ಭಾಷಾಂತರಕಾರರು ಲ್ಯಾಟಿನ್ನಿನಲ್ಲಿ ಅದೇ ಅರ್ಥದ ಸೈನಸ್ ಎಂಬ ಪದವನ್ನು ಹಾಕಿಬಿಟ್ಟರು. ಹೀಗೆ ಬಿಲ್ಲಿನ ಹೆದೆ ಊರೂರು ಸುತ್ತಿ ಯು. ಪಿ. ಎಸ್. ಪೆಟ್ಟಿಗೆಯ ಮೇಲೆ ಬಂದು ಕುಳಿತಿದೆ. ಮಿಡಿದ ತಂತಿಯ ಶುದ್ಧನಾದದ ಅಲೆಯೂ ಅದೇ ಆಕಾರದ್ದೆಂಬುದನ್ನು ನೆನೆದರೆ, ಈ ಹೆಸರು ತನ್ನ ಮನೆಗೇ ಮರಳಿತೆನ್ನಬಹುದು.

ಸರಕಾರಿ ಕಂಬದಿಂದ ಬರುವ ವಿದ್ಯುತ್ತು ಈ ಜ್ಯಾಕಾರದಲ್ಲಿ ನುಣುಪಾಗಿ ಏರಿ ಇಳಿಯುವುದು. ಅಗ್ಗದ ಯಂತ್ರಗಳಲ್ಲಿ ಹಾಗಲ್ಲ; ಮೆಟ್ಟಿಲು ಹತ್ತಿ ಧುಮುಕಿದಂತೆ ಥಟ್ಟನೆ ಏರಿ ಥಟ್ಟನೆ ಇಳಿಯುವುದು. ಇಂಥ ಚೌಕದ ಅಲೆಯಲ್ಲಿ ೫೦ರ ಕಂಪನವೊಂದೇ ಇರದೆ, ಅದರ ಮೂರರಷ್ಟು, ಐದರಷ್ಟು, ಏಳರಷ್ಟು, ಎಂದರೆ ೧೫೦, ೨೫೦, ೩೫೦ರ ಕಂಪನಗಳೂ ಬೆರೆತಿರುವುವು. ದೀಪಕ್ಕೆ ಇದರ ಗೊಡವೆಯಿಲ್ಲ. ಫ್ಯಾನು ಸ್ವಲ್ಪ ಗೊಣಗುವುದು. ಆಂಪ್ಲಿಫೈಯರಾದರೋ ಸಣ್ಣ ದನಿಯನ್ನು ದೊಡ್ಡದು ಮಾಡುವುದೇ ಕಸುಬಾಗಿ ಉಳ್ಳದ್ದು. ಈ ಬೆರಕೆಯ ಕಂಪನಗಳನ್ನೂ ಹಿಡಿದು, ಜೀರುಂಡೆ ಕೂಗಿದಂತೆ ಸ್ಪೀಕರಿನಲ್ಲಿ ಜಿರ್ರೆನ್ನಿಸುವುದು. ಅದರೊಳಗಿನ ಟ್ರಾನ್ಸ್‌ಫಾರ್ಮರೂ ಹೆಚ್ಚು ಕಾಯುವುದು. ಒಂದು ಸಂಜೆ ನುಡಿಸಿದ ಮಾತ್ರಕ್ಕೆ ಸುಟ್ಟುಹೋಗುವುದೆಂದು ಹೆದರಬೇಕಾದುದಿಲ್ಲ. ಆದರೆ ದಿನವೂ ಗಂಟೆಗಟ್ಟಲೆ ನುಡಿಸುವವರು ಸೈನ್ ವೇವ್ ಯಂತ್ರವನ್ನೇ ಕೊಳ್ಳುವುದು ಮೇಲು. ಮನೆಯಲ್ಲಿರುವುದು ಯಾವ ಬಗೆಯದೆಂಬುದು ಪೆಟ್ಟಿಗೆಯ ಮೇಲೆಯೇ ಬರೆದಿರುವುದು. ಕರೆಂಟು ಬಂದು ಹೋಗುವ ಕ್ಷಣದಲ್ಲಿ ಸೆಕೆಂಡಿನ ನೂರರಲ್ಲೊಂದೆರಡು ಪಾಲಿನಷ್ಟು ಬಿಡುವಾಗುವುದುಂಟು. ಸಾಮಾನ್ಯ ಆಂಪ್ಲಿಫೈಯರಿಗೆ ಇದು ತಿಳಿಯುವುದೇ ಇಲ್ಲ; ಕಂಪ್ಯೂಟರಿನಂತೆ ಒಳಗೆ ಲೆಕ್ಕಮಾಡುವ ಹೊಸ ಬಗೆಯವು ಕೆಲವು ಮಾತ್ರ ನಿಂತು ಮತ್ತೆ ಮೊದಲಿನಿಂದ ಶುರುವಾಗುವುವು. ಯು. ಪಿ. ಎಸ್. ಪೆಟ್ಟಿಗೆಯಲ್ಲಿ ಯು. ಪಿ. ಎಸ್. ಎಂಬ ಗುಂಡಿಯೂ ಇನ್ವರ್ಟರ್ ಎಂಬ ಗುಂಡಿಯೂ ಬೇರೆ ಬೇರೆ ಇದ್ದರೆ ಮೊದಲನೆಯದನ್ನು ಆರಿಸಿಕೊಂಡರೆ ಈ ಬಿಡುವು ಕಡಮೆಯಾಗುವುದು.

ಎಷ್ಟು ಹೊತ್ತು ನಡೆದೀತೆಂಬುದು ಕೂಡಿಸಿ ಕಳೆಯುವ ಲೆಕ್ಕ. ಇಲ್ಲಿ ಜನರು ಸಾಮಾನ್ಯವಾಗಿ ಎಡವುವ ಸ್ಥಳವೊಂದಿದೆ. ಆಂಪ್ಲಿಫೈಯರಿನ ಮುಂಭಾಗದಲ್ಲಿ ೨೦ ವಾಟ್ ಎಂದು ಬರೆದಿದ್ದರೆ ಅದು ಸ್ಪೀಕರಿಗೆ ಕೊಡುವ ಶಕ್ತಿಯೇ ಹೊರತು ಗೋಡೆಯಿಂದ ಎಳೆದುಕೊಳ್ಳುವ ಶಕ್ತಿಯಲ್ಲ. ಎಳೆದುಕೊಳ್ಳುವ ಪ್ರಮಾಣವನ್ನು ಹಿಂಭಾಗದಲ್ಲಿ, ತಂತಿ ಸೇರುವ ಜಾಗದ ಹತ್ತಿರ, ಸಣ್ಣ ಅಕ್ಷರಗಳಲ್ಲಿ ಬರೆದಿರುವರು. ನಮ್ಮ ವಯಸ್ಸಿನವರು ಕನ್ನಡಕವನ್ನು ಹಾಕಿಕೊಂಡೇ ನೋಡತಕ್ಕದ್ದು. ಗಾಜಿನ ವಾಲ್ವುಗಳುಳ್ಳ ಆಂಪ್ಲಿಫೈಯರುಗಳಲ್ಲಿ ಈ ಎರಡು ಸಂಖ್ಯೆಗಳಿಗೆ ಬಹಳ ಅಂತರ. ೧೫ ವಾಟಿನ ನಾದಕ್ಕೆ ಅದು ೧೦೦ ವಾಟಿನವರೆಗೂ ಎಳೆಯಬಹುದು. ನುಡಿಸದೆ ಸುಮ್ಮನಿದ್ದರೂ ವಾಲ್ವುಗಳ ಒಲೆ ಉರಿಯುತ್ತಲೇ ಇರುವುದು.

ಪತ್ರ ಬರೆದ ಮಹನೀಯರ ಯು. ಪಿ. ಎಸ್. ೯೦೦ ವಿ.ಎ., ಬ್ಯಾಟರಿ ೧೫೦ ಆಂಪಿಯರ್ ಗಂಟೆಯದು. ಆಂಪ್ಲಿಫೈಯರಿನ ಹಿಂದೆ ೬೦ ವಾಟ್ ಎಂದಿದೆಯಂತೆ. ಅದರೊಡನೆ ೭೦ ವಾಟಿನ ಒಂದು ಫ್ಯಾನು, ೯ ವಾಟಿನ ನಾಲ್ಕು ದೀಪಗಳು ಉರಿಯುತ್ತಿರುವುವೆಂದಿಟ್ಟುಕೊಂಡರೆ ಒಟ್ಟು ೧೬೬ ವಾಟ್. ಯಂತ್ರಕ್ಕೆ ಇದು ಭಾರವೇ ಅಲ್ಲ. ಬ್ಯಾಟರಿಯಲ್ಲಿ ೧೨ನ್ನು ೧೫೦ರಿಂದ ಗುಣಿಸಿದಷ್ಟು, ಎಂದರೆ ೧೮೦೦ ವಾಟ್ ಗಂಟೆಗಳಿರುವುವೆಂದು ಕಾಗದದ ಮೇಲಿನ ಲೆಕ್ಕ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡದಿದ್ದರೆ ಬಹುಕಾಲ ಬಾಳುವುದು. ಆದ್ದರಿಂದ ೯೦೦ ಎನ್ನೋಣ. ಮಾರ್ಪಡಿಸುವಾಗ ಐದರಲ್ಲೊಂದು ಪಾಲು ಬಿಸಿಯಾಗಿ ನಷ್ಟವಾದರೆ ಉಳಿಯುವುದು ೭೨೦. ಇದನ್ನು ೧೬೬ರಿಂದ ಭಾಗಿಸಿದರೆ ನಾಲ್ಕು ಗಂಟೆಗೆ ಸ್ವಲ್ಪ ಹೆಚ್ಚು. ಬ್ಯಾಟರಿ ಹಳೆಯದಾಗಿದ್ದರೆ ಎರಡು ಗಂಟೆಯೆಂದು ತಿಳಿದು ಅಭ್ಯಾಸಕ್ಕೆ ಕುಳಿತರೆ ಆಶಾಭಂಗವಿಲ್ಲ. ಹುಡುಗಿಯ ಅಭ್ಯಾಸಕ್ಕೆ ಇದು ಧಾರಾಳವಾಯಿತು.

ಕಂಪ್ಯೂಟರಿನ ಮಗ್ಗುಲಲ್ಲಿಡುವ ಸಣ್ಣ ಯು. ಪಿ. ಎಸ್. ಪೆಟ್ಟಿಗೆಯನ್ನು ಇದಕ್ಕೆ ಬಳಸಬಹುದೆ ಎಂದು ಕೇಳುವವರೂ ಉಂಟು. ಅದರೊಳಗಿನ ಬ್ಯಾಟರಿ ಸಾಮಾನ್ಯವಾಗಿ ೭ ಆಂಪಿಯರ್ ಗಂಟೆಯದು. ೬೦ ವಾಟಿಗೆ ಅರ್ಧ ಗಂಟೆ ಬಂದರೆ ಹೆಚ್ಚು. ಕೆಲಸವನ್ನು ಉಳಿಸಿ ಕಂಪ್ಯೂಟರನ್ನು ನಿಲ್ಲಿಸುವಷ್ಟು ಹೊತ್ತಿಗೆಂದೇ ಅದನ್ನು ಮಾಡಿರುವರು. ಅದರ ಅಲೆ ಬಹುಮಟ್ಟಿಗೆ ಚೌಕ. ಸಾಲದುದಕ್ಕೆ ಕರೆಂಟಿಲ್ಲದಷ್ಟು ಹೊತ್ತೂ ಪೀಂ ಪೀಂ ಎಂದು ಕೂಗುತ್ತಲೇ ಇರುವುದು. ಅದರ ಶ್ರುತಿಗೂ ಗಿಟಾರಿನ ಶ್ರುತಿಗೂ ಹೊಂದಿದುದನ್ನು ಯಾರೂ ಕೇಳಿರಲಾರರು.

ಈಗ ಮುಖ್ಯವಾದ ಮಾತು, ಮೂರನೆಯ ಕಡ್ಡಿ. ಪ್ಲಗ್ಗಿನಲ್ಲಿ ಅದು ಮಿಕ್ಕೆರಡಕ್ಕಿಂತ ಉದ್ದವಾಗಿಯೂ ದಪ್ಪವಾಗಿಯೂ ಇರುವುದನ್ನು ಎಲ್ಲರೂ ಕಂಡಿರುವರು. ವಿದ್ಯುತ್ತು ಬರುವ ಕಡ್ಡಿಗಿಂತ ಮೊದಲು ಅದು ಒಳಸೇರಿ, ಕೀಳುವಾಗ ಅದಕ್ಕಿಂತ ಆಮೇಲೆ ಹೊರಬರಲೆಂಬುದೇ ಆ ಉದ್ದದ ಉದ್ದೇಶ. ಅದಕ್ಕೆ ಸೇರಿದ ತಂತಿ ಮನೆಯ ಅರ್ತ್ ಗುಂಡಿಯವರೆಗೆ ಹೋಗಿ ಭೂಮಿಯನ್ನು ಮುಟ್ಟುವುದು. ಆಂಪ್ಲಿಫೈಯರಿನೊಳಗಿನ ಲೋಹದ ಚೌಕಟ್ಟು ಈ ಕಡ್ಡಿಗೆ ಸೇರಿರುವುದು. ಗಿಟಾರಿನ ತಂತಿಗಳು ಕುದುರೆಯ ಮೂಲಕ, ಕುದುರೆಯಿಂದ ಒಂದು ಸಣ್ಣ ತಂತಿಯ ಮೂಲಕ, ಅಲ್ಲಿಂದ ಗಿಟಾರಿನ ಕೇಬಲ್ಲಿನ ಹೊರಹೆಣಿಗೆಯ ಮೂಲಕ ಅದೇ ಚೌಕಟ್ಟಿಗೆ ಸೇರಿರುವುವು. ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಮಿಕ್ಸಿಯನ್ನೋ ಇಸ್ತ್ರಿಪೆಟ್ಟಿಗೆಯನ್ನೋ ನಾವು ಮುಟ್ಟುವುದು ಪ್ಲಾಸ್ಟಿಕ್ಕಿನ ಹಿಡಿಯ ಕಡೆಯಿಂದ. ಗಿಟಾರನ್ನು ನುಡಿಸುವವಳಾದರೋ ಎರಡು ಕೈಗಳಿಂದಲೂ, ಬೆವರಿದ ಬೆರಳುಗಳಿಂದ, ಯಂತ್ರದ ಲೋಹದ ಚೌಕಟ್ಟನ್ನೇ ಗಂಟೆಗಟ್ಟಲೆ ಹಿಡಿದಿರುವಳು. ಮನೆಯಲ್ಲಿ ಇನ್ನಾವ ವಿದ್ಯುತ್ ಉಪಕರಣವನ್ನೂ ನಾವು ಹೀಗೆ ಬಳಸುವುದಿಲ್ಲ.

ಒಳಗಿನ ಟ್ರಾನ್ಸ್‌ಫಾರ್ಮರಿನ ಹೊದಿಕೆ ಎಲ್ಲಿಯಾದರೂ ಬಿರಿದು ೨೩೦ ವೋಲ್ಟು ಚೌಕಟ್ಟಿಗೆ ತಗುಲಿತೆನ್ನೋಣ. ಮೂರನೆಯ ಕಡ್ಡಿ ಕೆಲಸಮಾಡುತ್ತಿದ್ದರೆ ವಿದ್ಯುತ್ತು ಅದರ ಮೂಲಕ ಭರದಿಂದ ಭೂಮಿಗಿಳಿದು ಫ್ಯೂಸು ಹೋಗುವುದು, ಆಂಪ್ಲಿಫೈಯರು ಸುಮ್ಮನಾಗುವುದು, ರಿಪೇರಿಯ ಖರ್ಚು ಬರುವುದು. ಕಡ್ಡಿಯನ್ನು ಕತ್ತರಿಸಿದ್ದರೆ ಫ್ಯೂಸು ಹೋಗದು. ನಾದವೂ ನಿಲ್ಲದು. ಆರು ತಂತಿಗಳ ಮೇಲೆಯೂ ೨೩೦ ವೋಲ್ಟು ಬಂದು ಕಾದು ಕುಳಿತಿರುವುದು. ಒಣಗಿದ ಚಾಪೆಯ ಮೇಲೆ ಚಪ್ಪಲಿ ಹಾಕಿ ಕುಳಿತಿರುವವಳಿಗೆ ಏನೂ ತಿಳಿಯದು. ಅವಳು ಎದ್ದು ಒದ್ದೆಯಾದ ನೆಲಕ್ಕೆ ಬರಿಗಾಲನ್ನು ಇಟ್ಟಾಗ, ಅಥವಾ ಬೇರೆ ಯಂತ್ರಕ್ಕೆ ಸೇರಿದ ಮೈಕನ್ನು ಹಿಡಿದಾಗ, ವಿದ್ಯುತ್ತಿಗೆ ದಾರಿ ದೊರೆಯುವುದು; ಆ ದಾರಿ ಎದೆಯ ಮೂಲಕ.

ಇದು ಹೆದರಿಸಲು ಕಟ್ಟಿದ ಮಾತಲ್ಲ. ೧೯೬೫ರ ಡಿಸೆಂಬರಿನಲ್ಲಿ ಅಮೆರಿಕದ ಸ್ಯಾಕ್ರಮೆಂಟೊ ನಗರದ ಸಭೆಯಲ್ಲಿ ಕೀತ್ ರಿಚರ್ಡ್ಸ್ ಎಂಬ ಪ್ರಸಿದ್ಧ ವಾದಕನ ಗಿಟಾರು ಮೈಕಿನ ಕಂಬವನ್ನು ತಗುಲಿ ಅವನು ಪ್ರಜ್ಞೆತಪ್ಪಿ ಬಿದ್ದನು, ಬದುಕಿಕೊಂಡನು. ಸ್ಕಾಟ್ಲೆಂಡಿನ ಲೆಸ್ ಹಾರ್ವಿ ಬದುಕಲಿಲ್ಲ. ೧೯೭೨ರ ಮೇ ತಿಂಗಳಿನಲ್ಲಿ ವೇಲ್ಸಿನ ಸ್ವಾನ್ಸಿ ಪಟ್ಟಣದ ವೇದಿಕೆಯ ಮೇಲೆ, ಸರಿಯಾಗಿ ಅರ್ತ್ ಆಗದಿದ್ದ ಮೈಕನ್ನು ಮುಟ್ಟಿ ತೀರಿಕೊಂಡನು, ವಯಸ್ಸು ೨೭. ೧೯೭೬ರ ಮೇ ತಿಂಗಳಿನಲ್ಲಿ ಇಂಗ್ಲೆಂಡಿನ ಕೀತ್ ರೆಲ್ಫ್ ತನ್ನ ಮನೆಯಲ್ಲಿಯೇ ಗಿಟಾರು ನುಡಿಸುತ್ತಿದ್ದಾಗ ಇದೇ ಬಗೆಯ ಅರ್ತ್ ದೋಷದಿಂದ ಸತ್ತನು, ಅವನಿಗೆ ೩೩. ಇಬ್ಬರೂ ಕಸುಬು ಬಲ್ಲವರು, ಹೆಸರಾದವರು. ಅವರ ಕೈಯಲ್ಲಿದ್ದುದು ನಮ್ಮ ಪತ್ರಲೇಖಕರ ಮಗಳ ಕೈಯಲ್ಲಿರುವಂಥದೇ ವಾದ್ಯ.

ಬ್ಯಾಟರಿಯ ಕರೆಂಟು ಮೆತ್ತಗಿನದು, ಅದು ಏನೂ ಮಾಡದು ಎಂಬ ನಂಬಿಕೆ ಅನೇಕರಲ್ಲಿ ಇದೆ. ಬ್ಯಾಟರಿಯ ೧೨ ವೋಲ್ಟು ಮೆತ್ತಗಿನದೇ ಸರಿ. ಯು. ಪಿ. ಎಸ್. ಯಂತ್ರದಿಂದ ಹೊರಬರುವುದು ಅದಲ್ಲ, ಪೂರಾ ೨೩೦ ವೋಲ್ಟು. ದೇಹದ ಮೂಲಕ ಹರಿದು ಪ್ರಾಣಾಪಾಯವನ್ನು ತರಲು ೯ ವಾಟಿನ ಒಂದು ದೀಪ ಎಳೆಯುವಷ್ಟು ವಿದ್ಯುತ್ತು ಸಾಕು.

ಹಾಗಾದರೆ ಮಾಡತಕ್ಕದ್ದೇನು? ಅನೇಕ ಮನೆಗಳಲ್ಲಿ ಯು. ಪಿ. ಎಸ್. ಕೂರಿಸುವಾಗ ಎರಡೇ ತಂತಿಗಳನ್ನು ಎಳೆದು ದೀಪ, ಫ್ಯಾನುಗಳಿಗೆ ಕೊಟ್ಟು ಮುಗಿಸಿರುವರು. ಅರ್ತ್ ಪಟ್ಟಿಯಿಂದ ಹಸುರು ಬಣ್ಣದ ಮೂರನೆಯ ತಂತಿಯೊಂದನ್ನು ಆ ಸಾಕೆಟ್ಟಿನವರೆಗೆ ಎಳೆಸಿ, ಮೂರು ತೂತಿನ ಸಾಕೆಟ್ಟನ್ನು ಹಾಕಿಸಬೇಕು, ಯು. ಪಿ. ಎಸ್. ಯಂತ್ರದ ಅರ್ತನ್ನೂ ಸೇರಿಸಿರುವರೆ ಎಂದು ನೋಡಿಸಬೇಕು. ಒಂದು ಬೆಳಗಿನ ಕೆಲಸ. ಮೂರು ತೂತುಗಳಿದ್ದ ಮಾತ್ರಕ್ಕೆ ಹಿಂದೆ ತಂತಿಯಿದೆಯೆಂದು ನಂಬಕೂಡದು. ಮೀಟರಿಟ್ಟು ಅಳೆದು ತೋರಿಸೆಂದು ಕೇಳಬೇಕು. ಸೋರಿಕೆಯಾದಾಗ ತಾನೇ ಆರುವ ಆರ್. ಸಿ. ಸಿ. ಬಿ. ಎಂಬ ಸ್ವಿಚ್ಚು ಮುಖ್ಯ ಫಲಕದಲ್ಲಿದ್ದರೂ ಬ್ಯಾಟರಿಯಿಂದ ನಡೆಯುತ್ತಿರುವಾಗ ಅದು ಕಾಯುವುದೆಂಬ ಭರವಸೆಯಿಲ್ಲ. ಯು. ಪಿ. ಎಸ್. ಸೇರಿಸಿದ ಮೇಲೆ ಅದು ಪದೇ ಪದೇ ಬೀಳುತ್ತದೆಂದು ಅದನ್ನು ತಪ್ಪಿಸಿ ತಂತಿ ಕೊಟ್ಟಿರುವವರೂ ಉಂಟು. ಅಂಥ ಕಡೆ ದೋಷವು ತಂತಿಯ ಹಂಚಿಕೆಯಲ್ಲಿರುವುದು, ಸ್ವಿಚ್ಚಿನಲ್ಲಲ್ಲ. ತಿಳಿದವರನ್ನು ಕರೆಸಿ ಸರಿಪಡಿಸಿಕೊಳ್ಳಬೇಕು.

ಗುಂಯ್ಯೆನ್ನುವ ಶಬ್ದವನ್ನು ನಿಲ್ಲಿಸಲೆಂದೂ ಕೆಲವರು ಈ ಕಡ್ಡಿಯನ್ನು ಮುರಿಯುವರು. ಹಾಡಿನ ಮೈಕಿನ ಯಂತ್ರವೂ ಗಿಟಾರಿನ ಯಂತ್ರವೂ ಬೇರೆ ಬೇರೆ ಗೋಡೆಗಳ ಸಾಕೆಟ್ಟುಗಳಲ್ಲಿದ್ದು, ಒಂದಕ್ಕೊಂದು ಕೇಬಲ್ಲಿನಿಂದಲೂ ಸೇರಿದ್ದರೆ ಎರಡು ಅರ್ತ್ ದಾರಿಗಳ ನಡುವೆ ಬಳೆಯಂತೆ ಸುತ್ತು ಏರ್ಪಟ್ಟು ಈ ಗುಂಯ್ಕಾರ ಹುಟ್ಟುವುದು. ಎರಡನ್ನೂ ಒಂದೇ ಹಲಗೆಗೆ ಸೇರಿಸಿದರೆ ಬಹುಮಟ್ಟಿಗೆ ಅಡಗುವುದು. ಪಿಕಪ್ಪೇ ಹಿಡಿಯುವ ಗುಂಯ್ಕಾರ ಬೇರೆ, ಗಿಟಾರನ್ನು ಯು. ಪಿ. ಎಸ್. ಪೆಟ್ಟಿಗೆಯಿಂದ ಏಳೆಂಟು ಅಡಿ ದೂರ ಒಯ್ದು, ಕುಳಿತ ದಿಕ್ಕನ್ನು ಸ್ವಲ್ಪ ತಿರುಗಿಸಿ ನೋಡಬೇಕು. ಒಂದಕ್ಕೊಂದು ಎದುರಾಗಿ ಸುತ್ತಿದ ಎರಡು ಸುರುಳಿಗಳಿಂದ ಈ ಸದ್ದನ್ನು ಅಳಿಸುವ ಉಪಾಯವನ್ನು ೧೯೫೫ರಲ್ಲಿ ಗಿಬ್ಸನ್ ಕಂಪೆನಿಯ ಸೇತ್ ಲವರ್ ರೂಪಿಸಿದನು; ಅಂಥ ಪಿಕಪ್ಪುಳ್ಳ ಗಿಟಾರಿಗೆ ಈ ತೊಂದರೆ ಬಹಳ ಕಡಮೆ. ತಂತಿಗಳನ್ನು ಬೆರಳಿನಿಂದ ಮುಟ್ಟಿದೊಡನೆ ಸದ್ದು ಇಳಿದರೆ ಗಾಬರಿಬೇಡ, ಅದು ಸಹಜವೇ. ಮುಟ್ಟಿದಾಗ ಬೆರಳು ಸ್ವಲ್ಪವಾದರೂ ಜುಮ್ಮೆಂದರೆ ಮಾತ್ರ ಅಂದಿನ ಅಭ್ಯಾಸವನ್ನು ಅಲ್ಲಿಗೇ ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕೀಳತಕ್ಕದ್ದು.

ಬ್ಯಾಟರಿಯ ವಿಚಾರದಲ್ಲಿ ಹೇಳಬೇಕಾದುದು ಸ್ವಲ್ಪ. ಅದರೊಳಗೆ ಇರುವುದು ಗಂಧಕಾಮ್ಲ; ತುಂಬುವಾಗ ಅದರಿಂದ ಹೊರಡುವ ಜಲಜನಕವು ಹೊತ್ತಿಕೊಳ್ಳುವ ವಾಯು. ಆದುದರಿಂದ ಗಾಳಿಯಾಡುವ ಕಡೆ ಇಡಬೇಕು. ದೇವರ ಮನೆಯ ಮಗ್ಗುಲಲ್ಲಿ, ಊದುಬತ್ತಿಯ ಕಿಡಿ ಹಾರುವ ಕಡೆ ಇಡಬಾರದು. ನೀರಿನ ಗುರುತು ಇಳಿದಾಗ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು, ಕೊಳಾಯಿಯದನ್ನಲ್ಲ. ಕೆಲವು ಸಣ್ಣ ಆಂಪ್ಲಿಫೈಯರುಗಳು ೯ ಅಥವಾ ೧೨ ವೋಲ್ಟಿನಿಂದಲೂ ನಡೆಯುವುವೆಂದು ಯು. ಪಿ. ಎಸ್. ಬ್ಯಾಟರಿಯ ಕಿವಿಗಳಿಂದ ನೇರವಾಗಿ ತಂತಿ ಎಳೆಯುವ ಸಾಹಸವೂ ಬೇಡ. ತುಂಬುತ್ತಿರುವಾಗ ಅದರ ವೋಲ್ಟು ೧೪ನ್ನು ದಾಟುವುದು, ಧನ ಋಣಗಳು ಅದಲುಬದಲಾದರೆ ಆಂಪ್ಲಿಫೈಯರು ಕ್ಷಣದಲ್ಲಿ ಕೆಡುವುದು.

ಟಾರ್ಚಿನ ಆರು ಸೆಲ್ಲುಗಳಿಂದ ನಡೆಯುವ, ಟಿಫಿನ್ ಡಬ್ಬಿಯಷ್ಟು ದೊಡ್ಡ ಆಂಪ್ಲಿಫೈಯರುಗಳು ಈಗ ದೊರೆಯುವುವು. ಅವಕ್ಕೆ ಗೋಡೆಯ ಗೊಡವೆಯೇ ಇಲ್ಲ. ಪತ್ರಲೇಖಕರು ಹಸುರು ತಂತಿಯನ್ನು ಎಳೆಸುವವರೆಗೆ ಮಗಳು ಅಂಥದೊಂದನ್ನು ಇಟ್ಟುಕೊಂಡು ನುಡಿಸಲಿ. ಸೆಲ್ಲುಗಳಿಂದ ನಡೆಯುವಾಗ ಅದರ ಅಡಾಪ್ಟರನ್ನು ಗೋಡೆಯಿಂದ ಕಿತ್ತಿಟ್ಟಿರಲಿ. ಕಾಲೇಜಿನ ಸಮಾರಂಭಕ್ಕೆ ಇನ್ನೂ ಆರು ವಾರಗಳಿರುವುವೆಂದು ಬರೆದಿರುವರು. ಆ ದಿನ ವೇದಿಕೆಯ ತಂತಿಗಳನ್ನು ಹೂಡುವವರು ಯಾರೆಂಬುದನ್ನು ವಿಚಾರಿಸಿ, ಅಲ್ಲಿಯ ಸಾಕೆಟ್ಟಿನ ಅರ್ತನ್ನೂ ಮೊದಲೇ ಅಳೆಸುವಂತೆ ಕೇಳಿಕೊಳ್ಳಬೇಕೆಂದು ಅವರಿಗೆ ಬೇರೊಂದು ಕಾಗದದಲ್ಲಿ ತಿಳಿಸಿರುವೆನು.